ಪರೀಕ್ಷೆ ರಾತ್ರಿಯ ಸ್ಟ್ರಾಂಗ್ ಕಾಫಿ

ಮಾರ್ಚ್ ಬಂತೆಂದರೆ ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳಿರುವ ಮನೆಗಳಲ್ಲಿ ರಾತ್ರಿ ಹತ್ತಕ್ಕೂ ಫಿಲ್ಟರ್‌ನಲ್ಲಿ ಡಿಕಾಕ್ಷನ್ ಇಳಿಯುತ್ತಿರುತ್ತದೆ. "ನಿದ್ದೆ ಬರಬಾರದು, ಸ್ವಲ್ಪ ಸ್ಟ್ರಾಂಗಾಗೇ ಮಾಡಮ್ಮ" ಅಂತ ಮಗು ಕೇಳುತ್ತದೆ. ಅಮ್ಮ ಪ್ರೀತಿಯಿಂದಲೇ ಮಾಡಿಕೊಡುತ್ತಾರೆ. ಆದರೂ ಈ ಅಭ್ಯಾಸ ಬಿಡಲೇಬೇಕು ಅಂತ ನನಗೆ ಅನ್ನಿಸುತ್ತದೆ.

ಎಚ್ಚರವಾಗಿರುವಷ್ಟು ಹೊತ್ತೂ ಮಿದುಳು ಶಕ್ತಿ ಖರ್ಚು ಮಾಡುತ್ತಿರುತ್ತದೆ. ಆಗ ಅಡೆನೊಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಬೆಳಗ್ಗೆ ಕಡಿಮೆ, ರಾತ್ರಿ ಹೊತ್ತಿಗೆ ಜಾಸ್ತಿ. ನರಕೋಶಗಳ ಮೇಲೆ ಇದು ಬಂದು ಕೂರಲೆಂದೇ ಗ್ರಾಹಕಗಳು (ರಿಸೆಪ್ಟರ್) ಎಂಬ ಜಾಗಗಳಿವೆ. ಅಲ್ಲಿಗೆ ಹೋಗಿ ಅಂಟಿಕೊಂಡಾಗ ಕಣ್ಣು ಎಳೆಯುತ್ತದೆ. ನಿದ್ದೆ ಮಾಡಿದರೆ ಅಡೆನೊಸಿನ್ ತಾನಾಗೇ ಇಳಿಯುತ್ತದೆ. ಕಾಫಿಯಲ್ಲಿರುವ ಕೆಫೀನ್ ನೋಡಲು ಹೆಚ್ಚುಕಡಿಮೆ ಅಡೆನೊಸಿನ್ ಥರವೇ ಇರುವುದರಿಂದ ಆ ಜಾಗ ಹಿಡಿದುಬಿಡುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ ನಮ್ಮ ಎಲೆ ಮುಂದೆ ಬೇರೆ ಯಾರೋ ಕೂತ ಹಾಗೆ. ಅಡೆನೊಸಿನ್ ಎಲ್ಲೂ ಹೋಗಿರುವುದಿಲ್ಲ, ಇನ್ನೂ ಸೇರುತ್ತಲೇ ಇರುತ್ತದೆ. ಅಂದರೆ ಕಾಫಿ ಕುಡಿದ ಮಗುವಿನ ದಣಿವು ಹೋಗಿಲ್ಲ, ದಣಿವಾಗಿದೆ ಅಂತ ಅದಕ್ಕೆ ಗೊತ್ತಾಗುತ್ತಿಲ್ಲ ಅಷ್ಟೇ.

ದೊಡ್ಡವರ ಮೈಯಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಹತ್ತಕ್ಕೆ ಕುಡಿದದ್ದು ಬೆಳಗಿನ ಜಾವ ಮೂರಕ್ಕೂ ಅರ್ಧ ಉಳಿದಿರುತ್ತದೆ! 2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಲಗುವ 6 ಗಂಟೆ ಮೊದಲು 400 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡವರಿಗೂ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಕಡಿಮೆಯಾಗಿತ್ತು. ಅದು ದೊಡ್ಡ ಪ್ರಮಾಣ, ನಿಜ. ಆದರೆ ನಮ್ಮ ಮಕ್ಕಳು ಕುಡಿಯುವುದು ಮಲಗುವ ಹೊತ್ತಿಗೇ ಅಲ್ವಾ?

"ನಾನು ರಾತ್ರಿ ಊಟ ಆದ್ಮೇಲೂ ಕುಡೀತೀನಿ, ಹಾಸಿಗೆಗೆ ಬಿದ್ದ ತಕ್ಷಣ ನಿದ್ದೆ" ಅನ್ನುವವರು ಬೇಕಾದಷ್ಟು ಜನ ಇದ್ದಾರೆ. ಲಿವರ್ ಕೆಫೀನನ್ನು ಕರಗಿಸುವ ವೇಗ ಒಬ್ಬೊಬ್ಬರಲ್ಲಿ ಒಂದೊಂದು ಥರ, ಒಪ್ಪಿದೆ. ಆದರೆ ನಿದ್ದೆ ಹತ್ತಿದ ಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲ್ಲ. ಕೆಫೀನ್ ಮೊದಲು ಕೈ ಹಾಕುವುದೇ ಗಾಢ ನಿದ್ದೆಗೆ. ಓದಿದ್ದು ನೆನಪಿನಲ್ಲಿ ಊರುವುದು ನಿದ್ದೆಯಲ್ಲೇ. ಮಗು ಕಷ್ಟಪಟ್ಟು ಓದಿದ್ದನ್ನು ನಾವೇ ಕೈಯಾರೆ ಹಾಳು ಮಾಡುತ್ತಿದ್ದೇವಲ್ಲ ಅಂತ ಹೊಟ್ಟೆ ಉರಿಯುತ್ತದೆ.

ಪುಡಿಯ ಬಗ್ಗೆಯೂ ಒಂದು ಮಾತು. ಚಿಕೋರಿಯಲ್ಲಿ ಕೆಫೀನ್ ಇಲ್ಲ, ಆದರೆ ರೊಬಸ್ಟಾ ಜಾತಿಯ ಕಾಫಿಬೀಜದಲ್ಲಿ ಅರೇಬಿಕಾ ಜಾತಿಯದರ ಸುಮಾರು ಎರಡರಷ್ಟಿದೆ. ಟೀ, ಕೋಲಾದಲ್ಲೂ ಇದೆ.

ಹತ್ತೂವರೆಗೆ ಪುಸ್ತಕ ಮುಚ್ಚಿಸಿ, ಮಲಗಿಸಿ. ಬೆಳಗ್ಗೆ ಐದೂವರೆಗೆ ಎಬ್ಬಿಸಿ ಅರ್ಧ ಲೋಟ ಕಾಫಿ ಕೊಡಿ, ನನ್ನದೇನೂ ತಕರಾರಿಲ್ಲ.