ಮಸಿಗೆ ಮರ್ಯಾದೆ

ಮೊದಲು ಪಾಕ ಬರೆದುಕೊಳ್ಳಿ. ಗ್ರೀಸ್ ಕಡೆಯ ಮ್ಯಾಸ್ಟಿಕ್ ಅಂಟು ಒಂದು ಪಾಲು, ಟರ್ಪೆಂಟೈನ್ ಎರಡು-ಮೂರು ಪಾಲು. ಕರಗಿಸಿ ಸೋಸಿದರೆ ತೈಲಚಿತ್ರದ ಮೇಲೆ ಬಳಿಯುವ ತಿಳಿಯಾದ ವಾರ್ನಿಷ್ ಸಿದ್ಧ. ಆದರೆ ಲಂಡನ್ನಿನ ಥಂಡಿಗೆ ಅದರ ಮೇಲೆ ನೀಲಿ ಮಂಜಿನಂಥ ಪೊರೆ ಕೂರುತ್ತದೆ. ಅದನ್ನು ತಡೆಯಲು ಸೀಸ ಸೇರಿಸಿ ಕುದಿಸಿದ ಅಗಸೆ ಎಣ್ಣೆ ಬೆರೆಸಬೇಕು. ಪೊರೆ ನಿಲ್ಲುತ್ತದೆ, ಬದಲಿಗೆ ಎಣ್ಣೆಯ ಕಾಟ ಶುರುವಾಗುತ್ತದೆ. ಕೆಲವೇ ವರ್ಷಕ್ಕೆ ಹಳದಿ, ಆಮೇಲೆ ಕಂದು. ಗಾಳಿಯಲ್ಲಿ ಹಾರಾಡುವ ಮಸಿಯೆಲ್ಲ ಬಂದು ಅಂಟಿಕೊಳ್ಳುತ್ತದೆ. ಮಂಕಾಯಿತೆಂದು ಅದರ ಮೇಲೇ ಇನ್ನೊಂದು ಕೈ ಬಳಿಯಿರಿ. ಇಪ್ಪತ್ತು-ಮೂವತ್ತು ವರ್ಷ ಕಾದರೆ ಚಿತ್ರದೊಳಗಿನ ಆಕಾಶ ಗಟ್ಟಿ ಡಿಕಾಕ್ಷನ್ ಬಣ್ಣಕ್ಕೆ ಬಂದಿರುತ್ತದೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಈ ಪಾಕದ ಹೆಸರು ‘ಗ್ಯಾಲರಿ ವಾರ್ನಿಷ್’. ಅದರ ಫಲಕ್ಕೆ ರಸಿಕರು ಇಟ್ಟ ಹೆಸರು ಮಾತ್ರ ಹಳೆಯ ಮಹನೀಯರ ಹೊಂಬಣ್ಣ!

ಒಳ್ಳೆಯ ಚಿತ್ರ ಹಳೆಯ ಪಿಟೀಲಿನಂತೆ ಕಂದಾಗಿರಬೇಕು ಎಂಬುದು ಸರ್ ಜಾರ್ಜ್ ಬೋಮಾಂಟರ ಮತವಾಗಿತ್ತಂತೆ. ಚಿತ್ರಕಾರ ಕಾನ್‌ಸ್ಟೆಬಲ್ ಎದುರುತ್ತರ ಕೊಡದೆ, ಒಂದು ಪಿಟೀಲನ್ನು ತಂದು ಮನೆಮುಂದಿನ ಹಸಿರು ಹುಲ್ಲಿನ ಮೇಲಿಟ್ಟನೆಂಬ ಕತೆಯಿದೆ. ಹುಲ್ಲು ಸೋತಿತು. ಬೋಮಾಂಟರು ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಚಿತ್ರಗಳನ್ನು ದಾನ ಕೊಟ್ಟ ಮೊದಲಿಗರಲ್ಲೊಬ್ಬರು. ದಾನಿಗಳ ಕಣ್ಣಿಗೆ ಹಸಿರು ಕಂದಾಗಿ ಕಂಡರೆ ಹುಲ್ಲಿನದೇ ತಪ್ಪು.

ಇಂಥ ಊರಿಗೆ ಚಿತ್ರದ ಬಣ್ಣ ಹೇಗೆ ಕೂರುತ್ತದೆ, ಹೇಗೆ ಕೆಡುತ್ತದೆ ಎಂದು ತಿಳಿದ ಮನುಷ್ಯನೊಬ್ಬ ಸಿಕ್ಕಿಬಿಟ್ಟ. ಚಾರ್ಲ್ಸ್ ಲಾಕ್ ಈಸ್ಟ್‌ಲೇಕ್, 1793ರಲ್ಲಿ ಪ್ಲಿಮತ್‌ನಲ್ಲಿ ಹುಟ್ಟಿದವನು. 1815ರಲ್ಲಿ ಸೆರೆಸಿಕ್ಕ ನೆಪೋಲಿಯನ್ ‘ಬೆಲೆರೊಫೋನ್’ ಹಡಗಿನಲ್ಲಿ ಅದೇ ಊರಿನ ಬಂದರಿಗೆ ಬಂದಾಗ, ದೋಣಿಯಲ್ಲಿ ಹೋಗಿ ಅವನನ್ನು ನೋಡಿ ಗೀಚಿಕೊಂಡ. ಆ ಚಿತ್ರದ ದುಡ್ಡಿನಲ್ಲಿ ರೋಮ್ ಸೇರಿ ಹದಿನಾಲ್ಕು ವರ್ಷ ಕಳೆದ. 1840ರಲ್ಲಿ ಗಯಟೆಯ ವರ್ಣಸಿದ್ಧಾಂತವನ್ನು ಇಂಗ್ಲಿಷಿಗೆ ತಂದ. 1843ರಲ್ಲಿ ಗ್ಯಾಲರಿಯ ಕೀಪರ್ ಆದ. ಕೀಪರ್ ಎಂದರೆ ಕೀಲಿಕೈಯೂ ಬೈಗುಳವೂ ಅವನವು, ತೀರ್ಮಾನ ಮಾತ್ರ ಟ್ರಸ್ಟಿಗಳೆಂಬ ದೊರೆಗಳದ್ದು.

1844ರಲ್ಲಿ ಗ್ಯಾಲರಿ 630 ಪೌಂಡಿಗೆ ವೆನಿಸ್ಸಿನ ಚಿತ್ರಕಾರ ಬೆಲ್ಲಿನಿಯ ‘ಡೋಜ್ ಲೊರೆಡಾನ್’ ಕೊಂಡಿತು. ಇವತ್ತಿಗೂ ಆ ಗೋಡೆಯ ಮೇಲಿನ ರತ್ನಗಳಲ್ಲಿ ಅದೊಂದು. ಮರುವರ್ಷ ಅಷ್ಟೇ ದುಡ್ಡಿಗೆ ಒಂದು ‘ಹೋಲ್ಬೈನ್’, ಅಂದರೆ ಆ ಹೆಸರಿನ ಹಳೆಯ ಚಿತ್ರಕಾರನದೆಂಬ ಚಿತ್ರ, ಬಂತು. ತೂಗುಹಾಕಿದ್ದೇ ತಡ, ಇದು ಹೋಲ್ಬೈನನದಲ್ಲ ಎಂದು ಗುಲ್ಲೆದ್ದಿತು, ನಿಜಕ್ಕೂ ಅಲ್ಲ. ಮೊದಲ 630ನ್ನು ಯಾರೂ ನೆನೆಯಲಿಲ್ಲ, ಎರಡನೆಯದನ್ನು ಯಾರೂ ಮರೆಯಲಿಲ್ಲ.

ಅದರ ಬೆನ್ನಿಗೇ ಬಂದದ್ದು ತೊಳೆಯುವ ಪ್ರಕರಣ. 1846ರ ರಜೆಯಲ್ಲಿ ಕೆಲವು ಚಿತ್ರಗಳನ್ನು ಶುಚಿಗೊಳಿಸಿದರು. ರೂಬೆನ್ಸ್‌ನ ‘ಶಾಂತಿ ಮತ್ತು ಯುದ್ಧ’ವೂ ಅದರಲ್ಲಿತ್ತು. ಈ ಕೆಲಸಕ್ಕೆ ಎರಡು ಹತ್ತಿಯುಂಡೆ ಬೇಕು. ಒಂದು ಕೈಯಲ್ಲಿ ಮದ್ಯಸಾರ ಅದ್ದಿದ್ದು, ಅದು ವಾರ್ನಿಷ್ ಕರಗಿಸುತ್ತದೆ. ಇನ್ನೊಂದರಲ್ಲಿ ಟರ್ಪೆಂಟೈನ್, ಅದು ಮದ್ಯಸಾರದ ಓಟಕ್ಕೆ ಕಡಿವಾಣ. ಅಂಗೈಯಗಲ ಜಾಗ ಹಿಡಿದು ಮೆಲ್ಲಗೆ ಸುತ್ತಿಸಬೇಕು. ಹತ್ತಿ ಬರೀ ಕಂದಾಗುತ್ತಿರುವಷ್ಟು ಹೊತ್ತೂ ಮುಂದುವರಿಯಬಹುದು. ಕೆಂಪೋ ನೀಲಿಯೋ ಇಣುಕಿತೆಂದರೆ ಕೈ ಎತ್ತಬೇಕು, ಅದು ಚಿತ್ರದ್ದೇ ಬಣ್ಣ. ಬರೀ ಮ್ಯಾಸ್ಟಿಕ್ ಆಗಿದ್ದರೆ ಸಲೀಸಾಗಿ ಬರುತ್ತದೆ. ಅಗಸೆ ಎಣ್ಣೆ ಬೆರೆತದ್ದು ಹಳತಾದಷ್ಟೂ ಕಲ್ಲಾಗುತ್ತದೆ, ಕರಗಿಸಲು ಖಾರ ಹೆಚ್ಚಿಸಬೇಕು. ಖಾರ ಹೆಚ್ಚಿದರೆ, ಕಲಾವಿದನೇ ಅಂಟು ಬೆರೆಸಿ ಕೊನೆಗೆ ಹಚ್ಚಿದ ತೆಳು ಲೇಪವೂ ಜೊತೆಗೆ ಎದ್ದು ಬರುತ್ತದೆ. ಭಯಪಡಬೇಕಾದದ್ದು ಇದಕ್ಕೆ.

ಜನ ಭಯಪಟ್ಟದ್ದು ಬೇರೆಯದಕ್ಕೆ. ಬಾಗಿಲು ತೆರೆದರೆ ಆಕಾಶ ನೀಲಿಯಾಗಿತ್ತು! ‘ದಿ ಟೈಮ್ಸ್’ ಪತ್ರಿಕೆಗೆ ಪತ್ರದ ಮೇಲೆ ಪತ್ರ. ಬರೆದವನ ಕಾವ್ಯನಾಮ ‘ವೆರಾಕ್ಸ್’, ಲ್ಯಾಟಿನ್‌ನಲ್ಲಿ ಸತ್ಯವಾದಿ. ಅಸಲಿ ಹೆಸರು ಮಾರಿಸ್ ಮೂರ್. ಈ ಸತ್ಯವಾದಿ ಮುಂದೆ ತಾನೊಂದು ಚಿತ್ರ ಕೊಂಡು, ಇದು ರಾಫೆಲ್‌ನದೇ ಎಂದು ದಶಕಗಟ್ಟಲೆ ವಾದಿಸಿ, 1883ರಲ್ಲಿ ಪ್ಯಾರಿಸ್ಸಿನ ಲೂವ್ರ್‌ಗೆ ಮಾರಿದ. ಈಗ ಅಲ್ಲಿ ಅದರ ಕೆಳಗಿರುವ ಹೆಸರು ಪೆರುಜಿನೊ.

ಈಸ್ಟ್‌ಲೇಕ್ 1847ರಲ್ಲಿ ಕೀಲಿಕೈ ಒಪ್ಪಿಸಿ ಹೊರಬಂದ. ಅದೇ ವರ್ಷ ಅವನ ತೈಲಚಿತ್ರ ಕಲೆಯ ಇತಿಹಾಸ ಅಚ್ಚಾಯಿತು: ಯಾವ ಕಾಲದವರು ಯಾವ ಎಣ್ಣೆಗೆ ಯಾವ ಅಂಟು ಬೆರೆಸುತ್ತಿದ್ದರು ಎಂಬುದರ ಲೆಕ್ಕ. ವಾರ್ನಿಷ್ ಬಗ್ಗೆ ಗದ್ದಲ ಎಬ್ಬಿಸಿದವರು ಓದಬೇಕಿದ್ದ ಪುಸ್ತಕ. ಆದರೆ ಗದ್ದಲ ಎಬ್ಬಿಸಲು ಓದು ಯಾರಿಗೆ ಬೇಕು?

ಇಷ್ಟಕ್ಕೂ ಮಸಿ ಬರುತ್ತಿದ್ದದ್ದು ಎಲ್ಲಿಂದ? 1850ರಲ್ಲಿ ಇದನ್ನು ಪತ್ತೆಮಾಡಲು ವಿಜ್ಞಾನಿ ಫ್ಯಾರಡೆಯನ್ನೇ ಕರೆದರು. ಜೊತೆಗೆ ಈಸ್ಟ್‌ಲೇಕ್ ಕೂಡ ಇದ್ದ. ಪಕ್ಕದಲ್ಲಿದ್ದ ಚಿಮಣಿಗಳತ್ತ ಬೆರಳು ಹೋಯಿತು. ಒಂದು, ಟ್ರಫಾಲ್ಗರ್ ಚೌಕದ ಕಾರಂಜಿ ಚಿಮ್ಮಿಸುವ ಉಗಿಯಂತ್ರದ್ದು. ಇನ್ನೊಂದು, ಸಾರ್ವಜನಿಕ ಸ್ನಾನಗೃಹ ಮತ್ತು ಬಟ್ಟೆ ಒಗೆಯುವ ಮನೆಯದ್ದು. ಅಂದರೆ ಲಂಡನ್ನಿನ ಅಂಗಿಗಳು ಬೆಳ್ಳಗಾಗಲೆಂದು ಗ್ಯಾಲರಿಯ ಗೋಡೆಯ ಮೇಲೆ ಚಿತ್ರಕಾರ ಟಿಷಿಯನ್ ಕಪ್ಪಾಗುತ್ತಿದ್ದ. ಅಂಗಿ ಒಗೆಯಬಹುದು, ಟಿಷಿಯನ್‌ನನ್ನು ಒಗೆದರೆ ಪತ್ರಿಕೆಗೆ ಪತ್ರ.

ಒಳಗಿನ ಗಾಳಿಯೂ ಕಡಿಮೆಯದಲ್ಲ. ಮಳೆ ಬಂದರೆ ಜನ ಒಳಗೆ ನುಗ್ಗುತ್ತಿದ್ದರು. ಆಗ ಕೀಪರ್ ಆಗಿದ್ದ ಥಾಮಸ್ ಯೂವಿನ್ಸ್ ಸಂಸತ್ ಸಮಿತಿಯ ಮುಂದೆ ಹೇಳಿದ್ದು ಕೇಳಿ: ಹಳ್ಳಿಯ ಕಡೆಯವರಂತೆ ಕಾಣುತ್ತಿದ್ದ ಕೆಲವರು ಬುತ್ತಿಬುಟ್ಟಿ ತಂದು, ಕುರ್ಚಿಗಳನ್ನು ದುಂಡಗೆ ಎಳೆದುಕೊಂಡು ಊಟಕ್ಕೆ ಕೂತಿದ್ದರು. ಇದು ತರವಲ್ಲ ಎಂದದ್ದಕ್ಕೆ ಬೇಸರಿಸಲಿಲ್ಲ. ಒಬ್ಬ ಹೆಂಗಸು ಯೂವಿನ್ಸ್‌ಗೂ ಒಂದು ಲೋಟ ಜಿನ್ ನೀಡಲು ಬಂದಳು. ಇಡೀ ಪ್ರಕರಣದಲ್ಲಿ ಸಭ್ಯವಾಗಿ ನಡೆದುಕೊಂಡವರು ಇವರೊಬ್ಬರೇ.

1853ರಲ್ಲಿ ಇನ್ನೊಂದು ಸಮಿತಿ, ಸಾವಿರಾರು ಪ್ರಶ್ನೆ. ಕೊನೆಗೆ 1855ರಲ್ಲಿ ನಿರ್ದೇಶಕ ಎಂಬ ಹುದ್ದೆ ಹುಟ್ಟಿತು. ಸಂಬಳ ವರ್ಷಕ್ಕೆ 1000 ಪೌಂಡ್, ಖರೀದಿಗೆ 10,000. ಕರೆದದ್ದು ಯಾರನ್ನು? ಎಂಟು ವರ್ಷದ ಹಿಂದೆ ಮಂಗಳಾರತಿ ಎತ್ತಿ ಕಳಿಸಿದ್ದ ಈಸ್ಟ್‌ಲೇಕ್‌ನನ್ನೇ. ಚಿತ್ರಗಳನ್ನು ಹುಡುಕಲು ಓಟೊ ಮುಂಡ್ಲರ್ ಎಂಬ ಪ್ರವಾಸಿ ಏಜೆಂಟನನ್ನೂ 300 ಪೌಂಡಿಗೆ ನೇಮಿಸಿದರು. ಯಾವ ಮನೆತನದ ಗೋಡೆಯ ಮೇಲೆ ಏನಿದೆ, ಯಾರಿಗೆ ಸಾಲವಾಗಿದೆ, ಯಾರು ಮಾರಿಯಾರು ಎಂದು ತಿಳಿಯುವುದೇ ಇವನ ಕೆಲಸ. 1857ರಲ್ಲಿ ವೆನಿಸ್ಸಿನ ಪಿಸಾನಿ ಮನೆತನದಿಂದ ವೆರೊನೆಸೆಯ ‘ಡೇರಿಯಸನ ಕುಟುಂಬ’ ಎಂಬ ಚಿತ್ರ ಬಂತು, 13,650 ಪೌಂಡ್. ಸಂಸತ್ತು ಉರಿದುಬಿದ್ದಿತು. ಮರುವರ್ಷ ಮತ ಹಾಕಿ ಆ 300 ಪೌಂಡಿನ ಏಜೆಂಟನನ್ನೇ ತೆಗೆದುಹಾಕಿತು. ಬಾವಿ ತೋಡಲು ಹಣ ಮಂಜೂರು ಮಾಡಿ, ಹಗ್ಗಕ್ಕೆ ಕತ್ತರಿ ಹಾಕಿದ ಉಳಿತಾಯ.

ಈಸ್ಟ್‌ಲೇಕ್ ಟಿಪ್ಪಣಿ ಪುಸ್ತಕ ಹಿಡಿದು ವರ್ಷವರ್ಷವೂ ತಾನೇ ಯುರೋಪ್ ಸುತ್ತಿದ. ಹಿಂದೆ ಟ್ರಸ್ಟಿಗಳ ಕಾಲದಲ್ಲಿ ಗೀಡೊ ರೇನಿಯ ಒಂದು ಚಿತ್ರಕ್ಕೆ 1,680 ಪೌಂಡ್ ಸುರಿದಿದ್ದ ಗ್ಯಾಲರಿಗೆ, 1861ರಲ್ಲಿ ಪಿಯೆರೊ ಡೆಲ್ಲಾ ಫ್ರಾನ್ಸೆಸ್ಕನ ‘ಕ್ರಿಸ್ತನ ದೀಕ್ಷಾಸ್ನಾನ’ 241 ಪೌಂಡ್ ಚಿಲ್ಲರೆಗೆ ಸಿಕ್ಕಿತು. ಇದರ ಬಗ್ಗೆ ಸಂಸತ್ತು ಉರಿದುಬೀಳಲಿಲ್ಲ. ಅಗ್ಗದ ವಸ್ತುವಿನಲ್ಲಿ ಹಗರಣ ಹುಟ್ಟುವುದಿಲ್ಲ.

ಆದರೆ ಹಳೆಯ ಪಾಠವನ್ನು ಅವನು ಮರೆತಿರಲಿಲ್ಲ. ಇಟಲಿಯಲ್ಲಿ ಕೊಂಡ ಚಿತ್ರಗಳಲ್ಲಿ ಎಷ್ಟೋ ನೇರ ಲಂಡನ್ನಿಗೆ ಹೋಗುತ್ತಿರಲಿಲ್ಲ. ಮೊದಲು ಮಿಲಾನ್‌ಗೆ, ಜುಸೆಪ್ಪೆ ಮೊಲ್ತೇನಿ ಎಂಬ ಕುಶಲಿಯ ಕೋಣೆಗೆ. ಅಲ್ಲೇ ತೊಳೆದು, ಕಿತ್ತುಹೋದಲ್ಲಿ ತಿದ್ದಿ, ಹೊಸ ವಾರ್ನಿಷ್ ಕೊಟ್ಟು ಪೆಟ್ಟಿಗೆ ಕಟ್ಟುತ್ತಿದ್ದರು. ಮುಂಚೆ ಎಷ್ಟು ಕೊಳೆಯಿತ್ತೆಂದು ಲಂಡನ್ನಿನಲ್ಲಿ ಕಂಡವರಿಲ್ಲ, ಕಾಣದ ಕೊಳೆಗೆ ಅಳುವುದು ಸತ್ಯವಾದಿಗೂ ಕಷ್ಟ. ಕೊಳೆಯೇ ಬೇಕೆಂದವರು ಸ್ವಲ್ಪ ಕಾದರೆ ಸಾಕಿತ್ತು, ಒಗೆಯುವ ಮನೆಯ ಒಲೆ ಹೇಗೂ ಉರಿಯುತ್ತಲೇ ಇತ್ತು.