ಮರೂನ್ ಬಣ್ಣದ ಗಾಡಿ

ವಯಸ್ಸಾದವರ ನಡಿಗೆಗೆ ನೆರವಾಗುವ ಸಾಧನಗಳನ್ನು ತಯಾರಿಸುವವರು ಬಹುಕಾಲ ಆಸ್ಪತ್ರೆಯ ಮಂಚವನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದರೆಂದು ಕಾಣುತ್ತದೆ. ಮಂಡಿನೋವಿನಿಂದ ಬಳಲುತ್ತಿದ್ದ ನಮ್ಮ ತಾಯಿಗೆಂದು ಔಷಧಿ ಅಂಗಡಿಯಿಂದ ಬೂದು ಬಣ್ಣದ ವಾಕರ್ ತಂದಾಗ ಅವರು ಅದನ್ನು ಮುಟ್ಟಲಿಲ್ಲ. "ಇದನ್ನ ಹಿಡಕೊಂಡು ಹೊರಗೆ ಹೋದ್ರೆ ಓಣಿ ಮಂದಿಯೆಲ್ಲಾ ಬ್ರೆಡ್ಡು, ಬಾಳೆಹಣ್ಣು ಹಿಡಕೊಂಡು ಮನಿಗೆ ಬರ್ತಾರೆ" ಎಂದರು. ಅಂದಿನಿಂದ ಅದರ ಮೇಲೆ ಟವೆಲ್ ಒಣಗುತ್ತಿದೆ.

ಆಮೇಲೆ ಬೆಂಗಳೂರಿನಿಂದ ತಂಗಿ ರೋಲೇಟರ್ ಎಂಬ, ತಳ್ಳಿಕೊಂಡು ನಡೆಯುವ ಗಾಡಿ ಕಳುಹಿಸಿದಳು. ನಾಲ್ಕು ಚಕ್ರ, ಕೈಬ್ರೇಕು, ದಣಿದಾಗ ಕೂರಲು ಸೀಟು, ತೂಗುಚೀಲ, ಎಲ್ಲಕ್ಕೂ ಮಿಗಿಲಾಗಿ ಇಳಕಲ್ ಸೀರೆಗೆ ಒಪ್ಪುವ ಮರೂನ್ ಬಣ್ಣ. ಇಂಥ ಗಾಡಿಯನ್ನು 1978ರಲ್ಲಿ ರೂಪಿಸಿದ ಸ್ವೀಡನ್ನಿನ ಐನಾ ವೀಫಾಲ್ಕ್ ಯೌವನದಲ್ಲೇ ಪೋಲಿಯೊಗೆ ತುತ್ತಾದವರು. ಕಾಲಿನ ಕಷ್ಟವನ್ನು ಬಲ್ಲವರು, ಆದರೆ ನಮ್ಮ ಓಣಿಯ ಚರಂಡಿ ಚಪ್ಪಡಿಗಳನ್ನು ಕಂಡವರಲ್ಲ. ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುತ್ತದೆಯೋ ಅಲ್ಲಿಗೆ ಹಿಡಿಕೆಯ ಎತ್ತರ ಹೊಂದಿಸಬೇಕು. ತಾಯಿ ರವಿಕೆಗೆ ಅಳತೆ ಕೊಡುವ ಗಾಂಭೀರ್ಯದಿಂದ ನಿಂತು ಹೊಂದಿಸಿಕೊಂಡರು.

ಗಾಡಿಯ ಮೊದಲ ಸವಾರಿ ಬೆಣ್ಣೆ ದೋಸೆ ಹೋಟೆಲಿಗೆ. ತಾಯಿ ಬೆಂಚಿನ ಮೇಲೆ ಕುಳಿತು ದೋಸೆಯ ಮೇಲಿನ ಬೆಣ್ಣೆ ಕರಗುವುದನ್ನು ನೋಡುತ್ತಿದ್ದಾಗ, ಜಾಗ ಸಿಗದೆ ನಿಂತಿದ್ದ ನೆರೆಮನೆಯ ನಿವೃತ್ತ ಮೇಷ್ಟ್ರು ಖಾಲಿ ಸೀಟನ್ನು ಕಂಡು ಆಸೀನರಾದರು. ಬ್ರೇಕಿನ ಹಿಡಿಯನ್ನು ಕೆಳಕ್ಕೆ ಒತ್ತಿ 'ಟಕ್' ಎನ್ನಿಸದೆ ಈ ಸೀಟಿನಲ್ಲಿ ಕೂರಬಾರದು. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರು ಎರಡೂ ಕೈಗಳನ್ನು ಗಾಳಿಯಲ್ಲಿ ಹಿಡಿದು ಹಿಮ್ಮುಖವಾಗಿ ಸಾಗಿ, ಚಟ್ನಿಯ ಬಕೆಟ್ಟಿಗೆ ತಾಗಿ ನಿಂತರು. ಪಂಚೆಗೆ ಚಟ್ನಿಯಾದುದನ್ನು ಬಿಟ್ಟರೆ ಅವರಿಗೆ ಏನೂ ಆಗಲಿಲ್ಲ. "ಗಾಡಿಗೆ ಏನಾರ ಆತೇನು?" ಎಂಬುದೊಂದೇ ತಾಯಿಯ ಪ್ರಶ್ನೆ.

ಚಂದದ ವಸ್ತುವಿನ ತೊಡಕು ಇರುವುದೇ ಇಲ್ಲಿ. ಬೂದು ವಾಕರ್ ನಾಚಿಕೆಯಿಂದ ಹೊರಬೀಳಲಿಲ್ಲ; ಇದು ಹೊರಬಿದ್ದರೂ ನೆಲ ಮುಟ್ಟಬಾರದು. ದಾವಣಗೆರೆಯ ಕುಂದವಾಡದ ಗಾಜಿನ ಮನೆಗೆ ಹೊರಟಾಗ ಜಲ್ಲಿ ಕಂಡರೂ ಕೆಸರು ಕಂಡರೂ ಚಕ್ರ ಗೀಚೀತೆಂದು ತಾಯಿ ಗಾಡಿಯನ್ನು ಮಡಚಿ ನನ್ನ ಕೈಗಿಟ್ಟು, ನನ್ನ ಭುಜ ಹಿಡಿದು ನಡೆಯುತ್ತಾರೆ. ಹೀಗೆ ಹೊತ್ತು ಹೊತ್ತು ಈಗ ನನ್ನ ಮಂಡಿಯೂ ನೋಯತೊಡಗಿದ್ದು, ಯಾವ ಬಣ್ಣ ಬೇಕೆಂದು ತಂಗಿ ಕೇಳಿದ್ದಾಳೆ.