ಮೆದುಳಿನ ಬೆಳಕು ಹಿಡಿಯಲು ದೊಡ್ಡ ಡಿಟೆಕ್ಟರೇ ಬೇಕಾ?

ಪರ

ಟಾರ್ಚ್ ಮೇಲೆ ಬೆರಳಿಟ್ಟರೆ ಕೆಂಪಗೆ ಹೊಳೆಯುತ್ತದೆ, ಅಲ್ವಾ? 650ರಿಂದ 950 ನ್ಯಾನೋಮೀಟರ್ ನಡುವಿನ ಬೆಳಕು ಮೈಯೊಳಗೆ ಚೆನ್ನಾಗಿ ನುಗ್ಗುತ್ತದೆ, ತಲೆಬುರುಡೆಯನ್ನೂ ದಾಟುತ್ತದೆ. ಈ ಬೆಳಕಿನಿಂದ ಮೆದುಳಿನ ಆಮ್ಲಜನಕವನ್ನು ಹೊರಗಿನಿಂದಲೇ ಗಮನಿಸಬಹುದು ಎಂದು ವಿಜ್ಞಾನಿ ಫ್ರಾನ್ಸ್ ಯೋಬ್ಸಿಸ್ 1977ರಲ್ಲೇ ತೋರಿಸಿದರು. ಸೂಜಿ ಬೇಡ, ನೋವಿಲ್ಲ. ಅವಧಿಗೆ ಮುಂಚೆ ಹುಟ್ಟಿದ ಕೂಸಿಗೆ ಇದಕ್ಕಿಂತ ಹಿತವಾದ ಪರೀಕ್ಷೆ ಯಾವುದಿದೆ?

ಆದರೆ ಒಳಗೆ ಹೋದ ಬೆಳಕು ವಾಪಸ್ ಬರುವುದು ತೀರಾ ಕಡಿಮೆ. ತಲೆಗೆ ಬೆಳಕು ಬಿಡುವ ಲೇಸರ್‌ನಿಂದ 3 ಸೆಂ.ಮೀ. ದೂರದಲ್ಲಿ ಡಿಟೆಕ್ಟರ್ (ಬೆಳಕು ಹಿಡಿಯುವ ಸಾಧನ) ಇಟ್ಟು ಕಾದರೆ ಸಿಗುವುದು ಚೂರುಪಾರು ಫೋಟಾನ್, ಅಂದರೆ ಬೆಳಕಿನ ಕಣ. ಚರ್ಮ ಸುಡಬಾರದಲ್ಲ, ಹಾಗಾಗಿ ಲೇಸರನ್ನು ಬೇಕಾದಷ್ಟು ಜೋರು ಮಾಡುವಂತಿಲ್ಲ. ಬರುವ ಬೆಳಕೂ ದಿಕ್ಕಾಪಾಲಾಗಿ ಚೆದುರಿರುತ್ತದೆ. ಎಂಥ ಲೆನ್ಸ್ ಇಟ್ಟರೂ ಅದನ್ನೆಲ್ಲ ಒಂದು ಚುಕ್ಕಿಗೆ ಕೂಡಿಸಲಾಗದು. ಮಳೆ ನೀರು ಹಿಡಿಯಲು ಲೋಟ ಸಾಲದಿದ್ದರೆ ಹಂಡೆ ಇಡುವುದಿಲ್ಲವೇ? 100 ಮೈಕ್ರಾನ್ ಅಗಲದ ದುಂಡು ಡಿಟೆಕ್ಟರ್‌ಗಿಂತ 1.3 ಮಿ.ಮೀ. ಚೌಕದ ಸಿಲಿಕಾನ್ ಫೋಟೋಮಲ್ಟಿಪ್ಲೈಯರ್ (ಒಂದೊಂದು ಫೋಟಾನನ್ನೂ ಗುರುತಿಸುವ ಚಿಪ್) 200 ಪಟ್ಟಿಗೂ ದೊಡ್ಡದು. 6 ಮಿ.ಮೀ. ಚೌಕದ್ದಾದರೆ 4,500 ಪಟ್ಟು! ಹಳೆಯ ಗಾಜಿನ ಫೋಟೋಮಲ್ಟಿಪ್ಲೈಯರ್ ಟ್ಯೂಬಿನ ಹಾಗೆ ನೂರಾರು ವೋಲ್ಟ್ ಕೇಳುವುದಿಲ್ಲ. ಬೆಳಕು ಸಾಗಿಸುವ ಫೈಬರ್ ಇಲ್ಲದೆ ನೇರವಾಗಿ ಹಣೆಗೇ ಅಂಟಿಸಬಹುದು.

ನಮ್ಮಂಥವರಿಗೆ ಇದು ಇನ್ನೂ ಮುಖ್ಯ. ಕಪ್ಪು ಕೂದಲು, ಕಂದು ಚರ್ಮ ಬೆಳಕನ್ನು ಜಾಸ್ತಿ ನುಂಗುತ್ತವೆ. ಬೆಳಕು ಸಾಲದ ಯಂತ್ರ ಮೊದಲು ಸೋಲುವುದು ನಮ್ಮ ತಲೆಯ ಮೇಲೆ.

ವಿರೋಧ

ಹಂಡೆ ದೊಡ್ಡದಾದರೆ ಕಸವೂ ಜಾಸ್ತಿ ಬೀಳುತ್ತದೆ. ಈ ಚಿಪ್‌ಗಳು ಪೂರ್ತಿ ಕತ್ತಲಲ್ಲೂ ಬೆಳಕು ಬಂತೆಂದು ಎಣಿಸುತ್ತವೆ. ಕೋಣೆಯ ತಾಪದಲ್ಲಿ ಪ್ರತಿ ಚದರ ಮಿ.ಮೀ.ಗೆ ಸೆಕೆಂಡಿಗೆ 50 ಸಾವಿರದಿಂದ 1 ಲಕ್ಷ ಸುಳ್ಳು ಎಣಿಕೆ ಮಾಮೂಲು. 6 ಮಿ.ಮೀ. ಚೌಕಕ್ಕೆ ಅದು 18ರಿಂದ 36 ಲಕ್ಷ.

ಇಲ್ಲೇ ಲೆಕ್ಕ ಕೆಡುತ್ತದೆ. ಲೇಸರ್ ಬಿಟ್ಟುಬಿಟ್ಟು ಮಿಂಚುತ್ತದೆ; ಫೋಟಾನ್ ಬಂದ ಹೊತ್ತು ಗುರುತಿಸುವ ಮಾಮೂಲಿ ಗಡಿಯಾರ ಅದರ ಒಂದು ಮಿಂಚಿಗೆ ಒಂದೇ ಫೋಟಾನ್ ಬರೆದುಕೊಳ್ಳುತ್ತದೆ. ಅದರ ಹಿಂದೆ ಬಂದದ್ದು ತಪ್ಪಿಹೋಗುತ್ತದೆ. ಅದಕ್ಕೇ 100 ಮಿಂಚಿಗೆ 5ಕ್ಕಿಂತ ಹೆಚ್ಚು ಎಣಿಕೆ ಬರದಂತೆ ನೋಡಿಕೊಳ್ಳುತ್ತಾರೆ. ಲೇಸರ್ ಸೆಕೆಂಡಿಗೆ 4 ಕೋಟಿ ಸಲ ಮಿಂಚಿದರೆ ಮಿತಿ 20 ಲಕ್ಷ. ಕೂಸಿನ ಮೆದುಳಿನಿಂದ ಒಂದು ಫೋಟಾನ್ ಬರುವ ಮುಂಚೆಯೇ ಸುಳ್ಳು ಎಣಿಕೆ ಹೆಚ್ಚುಕಡಿಮೆ ಇಡೀ ಜಾಗ ತಿಂದಿರುತ್ತದೆ. ಚಿಪ್ ತಂಪು ಮಾಡಬಹುದು ನಿಜ. ಆದರೆ ಆ ತಂಪು ಪೆಟ್ಟಿಗೆಯನ್ನು ಪುಟ್ಟ ಹಣೆಯ ಮೇಲೆ ಕೂರಿಸುವುದು ಹೇಗೆ?

ಹೊತ್ತಿನ ಮಾತೂ ಇದೆ. ಮೇಲಿಂದಲೇ ತಿರುಗಿದ ಬೆಳಕು ಬೇಗ ಬರುತ್ತದೆ, ಆಳಕ್ಕೆ ಹೋದದ್ದು ತಡವಾಗಿ ಬರುತ್ತದೆ. ನಮಗೆ ಬೇಕಾದದ್ದು ಆ ತಡವಾದದ್ದು. ಮೈಯೊಳಗೆ ಬೆಳಕು 1 ನ್ಯಾನೋಸೆಕೆಂಡಿಗೆ ಸುಮಾರು 21 ಸೆಂ.ಮೀ. ಓಡುತ್ತದೆ. ಹೊತ್ತು 0.1 ನ್ಯಾನೋಸೆಕೆಂಡ್ ಮಸುಕಾದರೂ ದಾರಿಯಲ್ಲಿ 2 ಸೆಂ.ಮೀ. ತಪ್ಪು. ಚಿಪ್ ದೊಡ್ಡದಾದಷ್ಟೂ ಅದರ ಕೆಪಾಸಿಟೆನ್ಸ್ (ವಿದ್ಯುತ್ತನ್ನು ಹಿಡಿದಿಡುವ ಗುಣ) ಏರಿ, ಸಿಗ್ನಲ್ ಮಂದವಾಗಿ, ಈ ಮಸುಕು ಹೆಚ್ಚುತ್ತದೆ.

ಕಂದು ಚರ್ಮದ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಾಗಂತ ಸುಮ್ನೆ ಒಂದೇ ದೊಡ್ಡ ಚಿಪ್ ಹಾಕುವುದು ಬೇಡ. 1.3 ಮಿ.ಮೀ. ಚೌಕದ ನಾಲ್ಕೈದು ಚಿಪ್ ಪಕ್ಕಪಕ್ಕ ಇಟ್ಟು, ಪ್ರತಿಯೊಂದಕ್ಕೂ ಬೇರೆ ಗಡಿಯಾರ ಕೊಡಿ. ಬೆಳಕೂ ಕೂಡುತ್ತದೆ, ಹೊತ್ತೂ ಕೆಡುವುದಿಲ್ಲ.